ಒಣಗರಿಗೆ ಹಾಕಿದ ಕೊಕ್ಕೆ

ಶುಕ್ರವಾರ ಬೆಳಗ್ಗೆ ಕಂಪೆನಿಯ ಫೋನ್ ರಿಂಗಾದರೆ ಅದನ್ನು ಎತ್ತುವ ಮೊದಲೇ ನಾನು ಮನಸ್ಸಿನಲ್ಲಿ ಆಂಬುಲೆನ್ಸ್ ಕರೆಸಿ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಅವನ ಊರಿಗೆ ಸುದ್ದಿ ಮುಟ್ಟಿಸುವುದು ಹೇಗೆಂದು ಯೋಚಿಸತೊಡಗಿರುತ್ತೇನೆ. ಆ ನವೆಂಬರಿನ ಶುಕ್ರವಾರವೂ ಹಾಗೆಯೇ ಆಯಿತು. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿಗೆ ಹೋಗುವುದೂ ಅಂದೇ. ಚರ್ಚಿನ ಪೂಜೆಗೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಹ್ರೈನಿನ ಗುದೈಬಿಯಾದಲ್ಲಿರುವ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಶೂ ಹುಡುಕುತ್ತಿದ್ದೆ. ಫೋನಿನಲ್ಲಿದ್ದವರು ಈಸಾ ಟೌನ್ ಹತ್ತಿರದ ಒಬ್ಬ ಯಜಮಾನರು. ಅರವತ್ತೈದು ದಾಟಿದ ಬಹ್ರೈನಿ. ಅವರ ಮನೆಯ ತೋಟವನ್ನು ನಮ್ಮ ಕಂಪೆನಿ ನೋಡಿಕೊಳ್ಳುತ್ತದೆ. ಚಳಿಗಾಲ ಬಂದರೆ ಗಿಡುಗ ಹಿಡಿದು ಬೇಟೆಗೆ ಹೋಗುವ ಹವ್ಯಾಸ ಅವರದು.

“ಮೊಹಂದಿಸ್, ನನ್ನ ಹಕ್ಕಿ ಮರದಲ್ಲಿ ನೇತಾಡ್ತಾ ಇದೆ,” ಎಂದರು. ಅರಬಿಯ ಎರಡು ಪದ, ಹಿಂದಿಯ ನಾಲ್ಕು ಪದ ಸೇರಿಸಿದ ಅವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊಹಂದಿಸ್ ಎಂದರೆ ಇಂಜಿನಿಯರ್. ನಾನು ಇಂಜಿನಿಯರ್ ಅಲ್ಲ. ಮರ ಹತ್ತುವವರು ಬೀಳದ ಹಾಗೆ ನೋಡಿಕೊಳ್ಳುವ ಸೇಫ್ಟಿ ಆಫೀಸರ್. ಆದರೆ ಕೈಯಲ್ಲಿ ಫೈಲು ಹಿಡಿದವರೆಲ್ಲ ಅವರಿಗೆ ಮೊಹಂದಿಸ್.

ವಿಷಯ ಹೇಳಿದಾಗ ಹೆಂಡತಿ ಕನ್ನಡಿಯ ಮುಂದಿನಿಂದಲೇ ಕೇಳಿದಳು: “ಮನುಷ್ಯರದ್ದು ಮುಗೀತಾ? ಇನ್ನು ಹಕ್ಕಿ ಬೀಳುದಕ್ಕೂ ನೀವೇ ಹೆದರ್ಬೇಕಾ?”

“ಹಕ್ಕಿ ಬೀಳುದಿಲ್ಲ. ಅದನ್ನು ತೆಗೀಲಿಕ್ಕೆ ಹೋಗುವವ ಬೀಳ್ತಾನೆ.”

“ಹಾಗಾದ್ರೆ ಹೋಗಿ. ಪ್ರಾರ್ಥನೆ ನಾನು ಮಾಡ್ತೇನೆ. ನೀವು ಅಲ್ಲಿ ಸುಮ್ಮನೆ ಕಿರುಚಬೇಡಿ, ಬಿಪಿ ಏರ್ತದೆ.”

ಹೂರಾ ಬಡಾವಣೆಯ ರೂಮಿನಿಂದ ನಮ್ಮ ಮರ ಹತ್ತುವವನನ್ನು ಕರೆದುಕೊಂಡೆ. ಕಾರ್ಕಳದ ಕಡೆಯವ, ಮೂವತ್ತರ ಆಸುಪಾಸು, ಎಂಟನೇ ವಯಸ್ಸಿಗೇ ಕಾಲಿಗೆ ಹಗ್ಗದ ತಳೆ ಹಾಕಿ ತೆಂಗಿನಮರ ಹತ್ತಿದವ. ಅವನ ಜೊತೆಗಾರ ಊರಿಗೆ ರಜೆಯಲ್ಲಿ ಹೋಗಿದ್ದ. ನಮ್ಮ ನಿಯಮದ ಪ್ರಕಾರ ಒಬ್ಬ ಹತ್ತಿದರೆ ಇನ್ನೊಬ್ಬ ತರಬೇತಿಯಾದವ ಕೆಳಗೆ ಹಗ್ಗ ನೋಡಿಕೊಳ್ಳಬೇಕು. ಆ ಫಾರಂನ “ಜೊತೆಗಾರ ಇಲ್ಲದಾಗ ಯಾರು?” ಎಂಬ ಕಾಲಮಿನಲ್ಲಿ ಒಂದು ವರ್ಷದ ಹಿಂದೆ ನಾನು ನನ್ನ ಹೆಸರನ್ನೇ ಬರೆದಿದ್ದೆ. ಶೌರ್ಯದಿಂದ ಅಲ್ಲ. ಖಾಲಿ ಕಾಲಮು ಕಂಡರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೆ. ಎರಡು ದಿನದ ತರಬೇತಿಯೂ ಆಗಿತ್ತು, ಸರ್ಟಿಫಿಕೇಟಿನ ಫೋಟೋದಲ್ಲಿ ನಾನು ಹೆಲ್ಮೆಟ್ ಹಾಕಿ ನಗುತ್ತಿದ್ದೇನೆ. ಆ ಹೆಸರಿಗೆ ಕೆಲಸ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಯಜಮಾನರು ಗೇಟಿನಲ್ಲೇ ನಿಂತಿದ್ದರು, ತಲೆಗೆ ಬಟ್ಟೆಯಿಲ್ಲದೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು. ಹಿತ್ತಲಿನ ಮೂಲೆಯಲ್ಲಿದ್ದ ಎತ್ತರದ ಮರವನ್ನು ತೋರಿಸಿದರು. ಸುಮಾರು ನಲವತ್ತು ಅಡಿ. ಮೇಲಿನ ಹಸಿರು ಗರಿಗಳಿಂದ ಒಂದಾಳು ಕೆಳಗೆ ಕಂದು ಬಣ್ಣದ ಪೊಟ್ಟಣದಂಥದು ತಲೆಕೆಳಗಾಗಿ ತೂಗುತ್ತಿತ್ತು. ಆಗಾಗ ಅದು ರೆಕ್ಕೆ ಬಿಚ್ಚಿ ಬಡಿದು, ಸೋತು, ಮತ್ತೆ ಪೊಟ್ಟಣವಾಗುತ್ತಿತ್ತು. ಹಿಂದಿನ ಸಂಜೆ ಮಾಳಿಗೆಯ ಮೇಲೆ ಅದನ್ನು ಕೂರುಗಂಬಕ್ಕೆ ಕಟ್ಟಿದ್ದರಂತೆ. ಗಂಟು ಬಿಚ್ಚಿ, ಕಾಲಿನ ಬಾರಿನ ಸಮೇತ ಹಾರಿದ ಹಕ್ಕಿಯ ಬಾರು ಗರಿದಂಟಿನ ಮುಳ್ಳಿಗೆ ಸಿಕ್ಕಿಹಾಕಿಕೊಂಡಿತ್ತು.

“ಗಂಟು ನನ್ನದೇ,” ಎಂದರು ಯಜಮಾನರು. “ಒಂದು ಕೈಯಲ್ಲಿ ಹಕ್ಕಿ, ಇನ್ನೊಂದು ಕೈಯಲ್ಲಿ ಗಂಟು. ಐವತ್ತು ವರ್ಷದಿಂದ ಹಾಕ್ತಿದ್ದೇನೆ. ನಿನ್ನೆ ಫೋನಿನಲ್ಲಿ ಮಾತಾಡ್ತಾ ಹಾಕಿದೆ.”

ಬೆಳಗಿನ ನಮಾಜಿಗೆ ಎದ್ದಾಗಲೇ ಅದು ನೇತಾಡುತ್ತಿತ್ತಂತೆ. ಹಾಗೆ ತಲೆಕೆಳಗಾಗಿ ಬಡಿದುಕೊಂಡರೆ ಮೊದಲು ಕಾಲು ಮುರಿಯುತ್ತದೆ, ಆಮೇಲೆ ಎದೆಯೇ ನಿಲ್ಲುತ್ತದೆ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವರು ಮರದತ್ತ ನಡೆದರು.

ಹತ್ತುವವ ಕೈ ಉಜ್ಜಿಕೊಂಡ. “ಇಷ್ಟೇಯಾ ಸಾರ್? ಹತ್ತು ನಿಮಿಷ. ಹೋದೆ, ಬಂದೆ.”

“ಹೋಗುವುದಿಲ್ಲ,” ಎಂದೆ.

ಈ ಮರದ ವಿಷಯ ಸ್ವಲ್ಪ ಹೇಳಲೇಬೇಕು. ಇದು ಖರ್ಜೂರ ಅಲ್ಲ, ಬೀಸಣಿಗೆಯಂಥ ಎಲೆ ಬಿಡುವ ಇನ್ನೊಂದು ಜಾತಿಯ ತಾಳೆ. ಇದರ ಗರಿ ಒಣಗಿದರೆ ಉದುರುವುದಿಲ್ಲ. ಮಡಚಿಕೊಂಡು ಕೆಳಗೆ ಜೋತು ಕಾಂಡದ ಸುತ್ತ ನಿಲ್ಲುತ್ತದೆ. ವರ್ಷ ವರ್ಷವೂ ಪದರದ ಮೇಲೆ ಪದರ ಬಂದು ಮರಕ್ಕೆ ಲಂಗ ಉಡಿಸಿದ ಹಾಗಾಗುತ್ತದೆ. ಉಳಿದ ಮರಗಳನ್ನೆಲ್ಲ ನಾವು ಸವರುತ್ತಿದ್ದೆವು. ಇದೊಂದರಲ್ಲಿ ಪಾರಿವಾಳ ಗೂಡು ಕಟ್ಟುತ್ತದೆಂದು ಯಜಮಾನರು ಸವರದೆ ಬಿಡಲು ಹೇಳಿದ್ದರು. ಹದಿನೈದು ಅಡಿ ಉದ್ದದ ಲಂಗವಾಗಿತ್ತು. ನೋಡಲು ಗಟ್ಟಿ, ಆದರೆ ಆ ಪದರಗಳು ಮರವನ್ನು ಹಿಡಿದುಕೊಂಡಿರುವುದಿಲ್ಲ, ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕೆಳಗಿನಿಂದ ಹತ್ತಿದವ ನಾಲ್ಕು ಗರಿ ಅಲುಗಿಸಿದರೆ ಇಡೀ ಬಳೆ ಜಾರಿ ಅವನ ಮೇಲೆ ಕೂರುತ್ತದೆ. ಸೊಂಟದ ಪಟ್ಟಿ ಕಾಂಡದ ಸುತ್ತ ಇರುವುದರಿಂದ ಅವನು ಮೇಲೆ ಹೋಗುವ ಹಾಗಿಲ್ಲ, ಕೆಳಗೆ ಬರುವ ಹಾಗೂ ಇಲ್ಲ. ಎದೆ ಅರಳಿಸಲು ಜಾಗವಿರುವುದಿಲ್ಲ. ಉಳಿದ ಮರಗಳಲ್ಲಿ ಬಿದ್ದು ಸಾಯುವ ಭಯ. ಈ ಮರದಲ್ಲಿ ಬೀಳದೆ ಸಾಯುವ ಭಯ.

ಇದನ್ನು ಹತ್ತುವವನಿಗೆ ವಿವರಿಸಿದೆ. ಅವನು ತಲೆ ಎತ್ತಿ ಮರ ನೋಡಿದ, ನನ್ನನ್ನು ನೋಡಿದ.

“ಸಾರ್, ಖರ್ಜೂರದ ಮರಕ್ಕೂ ನೀವು ಹೀಗೇ ಹೇಳಿದ್ದು. ಮೊನ್ನೆ ಏಣಿಗೂ ಹೇಳಿದ್ದು. ಆಫೀಸಿನ ಕುರ್ಚಿಗೂ ಹೇಳಿದ್ದು.”

“ಕುರ್ಚಿಯ ಚಕ್ರ ಸಡಿಲ ಇತ್ತು ಮಾರಾಯ.”

ಆಳನ್ನು ಮೇಲೆತ್ತುವ ಬಕೆಟ್ ಇರುವ ಲಾರಿ ತರಿಸಬಹುದಿತ್ತು. ಆದರೆ ಗೇಟು ಕಿರಿದು, ಗೇಟಿನಿಂದ ಮರದವರೆಗಿನ ದಾರಿಯ ಅಡಿಯಲ್ಲಿ ಹಳೆಯ ಶೌಚಗುಂಡಿ, ಅದರ ಮುಚ್ಚಳದ ಮೇಲೆ ಹುಲ್ಲುಹಾಸು. ಬೆಂಕಿ ಆರಿಸುವ ಸಿವಿಲ್ ಡಿಫೆನ್ಸಿನವರ ಏಣಿಗಾಡಿ ಬಂದರೂ ಅದೇ ಗುಂಡಿ ಅಡ್ಡ. ಸಾದಾ ಏಣಿ ಒರಗಿಸುವುದೆಂದರೆ ಲಂಗದ ಮೇಲೇ ಒರಗಿಸಬೇಕು. ಉಳಿದದ್ದು ಒಂದೇ ದಾರಿ. ಕಾಂಡವನ್ನು ಮುಟ್ಟದೆ, ಮೇಲಿನ ಹಸಿರು ತಲೆಯ ಮೇಲಿಂದ ಹಗ್ಗ ಹಾಯಿಸಿ, ಲಂಗದಿಂದ ಹೊರಗೆ ಗಾಳಿಯಲ್ಲಿ ನೇತಾಡುತ್ತ ಹತ್ತುವುದು. ಹಸಿರು ದಂಟುಗಳು ಏಳೆಂಟು ಒಟ್ಟಿಗೆ ಸಿಕ್ಕಿದರೆ ಇಬ್ಬರ ಭಾರ ತಡೆಯುತ್ತವೆ. ಹಗ್ಗದ ಇನ್ನೊಂದು ತುದಿಯನ್ನು ಪಕ್ಕದ ಬೇವಿನ ಬುಡಕ್ಕೆ, ಹಗ್ಗವನ್ನು ಹಿಡಿದು ನಿಧಾನ ಬಿಡುವ ಒಂದು ಉಪಕರಣದ ಮೂಲಕ ಕಟ್ಟಿದರೆ, ಮೇಲಿನವನಿಗೆ ಏನಾದರೂ ಆದರೂ ಕೆಳಗಿನವ ಅವನನ್ನು ಇಳಿಸಬಹುದು. ಕೆಳಗಿನವ, ಅಂದರೆ ನಾನು.

ಮೊದಲು ತೆಳು ದಾರ ಹಾಯಬೇಕು. ಮರಳು ತುಂಬಿದ ಮುಷ್ಟಿಯಷ್ಟು ಚೀಲಕ್ಕೆ ದಾರ ಕಟ್ಟಿ ಎಸೆಯುವುದು. ಹತ್ತುವವ ಎಸೆದ. ಮೊದಲನೆಯದು ಲಂಗಕ್ಕೆ ಬಡಿಯಿತು, ಹಕ್ಕಿ ರೆಕ್ಕೆ ಬಡಿದು ಇನ್ನೊಂದು ಸುತ್ತು ಸುತ್ತಿಕೊಂಡಿತು. ಎರಡನೆಯದು ಪಕ್ಕದ ಮನೆಯ ನೀರಿನ ಟ್ಯಾಂಕಿಗೆ. ನಾನೂ ಒಂದು ಎಸೆದೆ. ಅದು ಎಲ್ಲಿಗೆ ಹೋಯಿತೆಂದು ಹೇಳುವ ಅಗತ್ಯ ಇಲ್ಲ, ಹತ್ತುವವ ಹೆಲ್ಮೆಟ್ ಹಾಕಿಕೊಂಡ ಎಂದರೆ ಸಾಕು. ಆರು ಸಲ ಎಸೆದಾಯಿತು, ಇಪ್ಪತ್ತು ನಿಮಿಷ ಹೋಯಿತು. ಹಕ್ಕಿ ಬಡಿಯುವುದು ಕಡಿಮೆಯಾಗಿತ್ತು. ಅದು ಒಳ್ಳೆಯದಲ್ಲ ಎಂದು ಯಜಮಾನರ ಮುಖ ಹೇಳುತ್ತಿತ್ತು.

“ನನಗೆ ಕೊಡಿ,” ಎಂದರು ಅವರು.

ಗಿಡುಗವನ್ನು ಪಳಗಿಸುವವರು ರೆಕ್ಕೆಗಳ ಒಂದು ಕಟ್ಟನ್ನು ದಾರಕ್ಕೆ ಕಟ್ಟಿ ತಲೆಯ ಮೇಲೆ ಬೀಸುತ್ತಾರೆ. ದೂರದ ಆಕಾಶದಲ್ಲಿರುವ ಹಕ್ಕಿ ಅದನ್ನು ಬೇಟೆಯೆಂದು ತಿಳಿದು ಇಳಿದುಬರುತ್ತದೆ. ಐವತ್ತು ವರ್ಷ ಬೀಸಿದ ಕೈ ಅದು. ಅವರು ದಾರವನ್ನು ಎರಡು ಬೆರಳಲ್ಲಿ ಹಿಡಿದ ರೀತಿಯಲ್ಲೇ ಗೊತ್ತಾಯಿತು, ನಮ್ಮ ಇಪ್ಪತ್ತು ನಿಮಿಷ ದಂಡ ಎಂದು. ಆದರೆ ಅವರು ಎರಡು ಸುತ್ತು ಬೀಸಿದ್ದೇ ತಡ, ಮೇಲಿನ ಪೊಟ್ಟಣಕ್ಕೆ ಜೀವ ಬಂದು, ತಲೆಕೆಳಗಾಗಿದ್ದ ಹಕ್ಕಿ ಅವರತ್ತ ಹಾರಲು ಒದ್ದಾಡತೊಡಗಿತು. ಅವರು ತಟ್ಟನೆ ಕೈ ಇಳಿಸಿದರು. ಕಣ್ಣು ತುಂಬಿತ್ತು.

“ನೋಡಿದಿರಾ, ನಾನು ಕರೆದೆ ಅಂದುಕೊಂಡಿತು,” ಎಂದರು.

ಅವರು ಮರವನ್ನು ಸುತ್ತಿ ಹಿಂದಿನ ಗೋಡೆಯ ಬದಿಗೆ, ಹಕ್ಕಿಗೆ ಕಾಣದ ಕಡೆಗೆ ಹೋದರು. ಎರಡನೇ ಬೀಸಿಗೆ ಚೀಲ ಹಸಿರು ತಲೆಯ ನಟ್ಟನಡುವೆ ಹಾದು, ಹಕ್ಕಿಯಿಂದ ಮಾರುದೂರ ಹೊರಗೆ ಇಳಿಯಿತು. ಹತ್ತುವವ ಶಿಳ್ಳೆ ಹೊಡೆದ. “ಸಾರ್, ಇವರನ್ನು ನಮ್ಮ ಕಂಪೆನಿಗೆ ಹಾಕಿಕೊಳ್ಳಿ. ನನ್ನ ಜೊತೆಗಾರ ಊರಲ್ಲೇ ಇರ್ಲಿ.”

ದಾರದ ಹಿಂದೆ ಹಗ್ಗ ಹೋಯಿತು. ನೀಲಿ ಚುಕ್ಕಿಯ ಬಿಳಿ ಹಗ್ಗ, ಹೆಬ್ಬೆರಳ ದಪ್ಪ. ಬೇವಿಗೆ ಕಟ್ಟಿದ್ದಾಯಿತು. ಹತ್ತುವ ಮೊದಲು ಇಬ್ಬರ ಭಾರ ಹಾಕಿ ಪರೀಕ್ಷಿಸಬೇಕೆಂದು ನಿಯಮ. ಹತ್ತುವವನನ್ನು ಪರೀಕ್ಷೆಗೆ ಬಳಸುವ ಹಾಗಿಲ್ಲ, ಉಳಿದವರು ನಾನು ಮತ್ತು ಯಜಮಾನರು. ನಾನು ತೊಂಬತ್ತೆರಡು ಕಿಲೋ. ವೈದ್ಯರು ಇದನ್ನು ರೋಗ ಎನ್ನುತ್ತಾರೆ, ಆ ದಿನ ಅದು ಉಪಕರಣವಾಯಿತು. ಯಜಮಾನರು ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡರು. ಇಬ್ಬರೂ ಒಂದೇ ಹಗ್ಗ ಹಿಡಿದು, ಎದುರುಬದುರು ಮುಖ ಮಾಡಿ, ಕಾಲು ಮಡಚಿ ನೇತಾಡಿದೆವು. ಮೇಲೆ ಗರಿಗಳು ಕಿರ್ರೆಂದವು, ಗಟ್ಟಿ ನಿಂತವು. ಹತ್ತುವವ ಫೋನ್ ತೆಗೆದ.

“ಫೋಟೋ ತೆಗೆದ್ರೆ ಕೆಲಸದಿಂದ ತೆಗೀತೇನೆ,” ಎಂದೆ.

“ರಿಪೋರ್ಟಿಗೆ ಪುರಾವೆ ಬೇಡ್ವಾ ಸಾರ್?”

ಆಮೇಲೆ ನನ್ನ ಪಾಠ. ಹೆಲ್ಮೆಟ್ಟಿನ ಪಟ್ಟಿ, ಮೈಕವಚದ ಪ್ರತಿಯೊಂದು ಬಕಲು, ಹಗ್ಗವನ್ನು ಕಚ್ಚುವ ಎರಡು ಹಿಡಿಗಳು. ಕತ್ತರಿಸಲು ಬಾಗಿದ ಅಲಗಿನ ಚಾಕು, ಒಳಬದಿಗೆ ಮಾತ್ರ ಹರಿತ, ಅದರ ಬಾಯಿಗೆ ಸಿಕ್ಕಿಸಿದ್ದನ್ನಷ್ಟೇ ಕತ್ತರಿಸುತ್ತದೆ. ಸಾದಾ ಚಾಕು ಹಗ್ಗದ ಹತ್ತಿರ ಹೋಗಬಾರದೆಂದು ನಾನೇ ಹಟ ಹಿಡಿದು ತರಿಸಿದ್ದು. ಹಕ್ಕಿಯನ್ನು ಸುತ್ತಲು ಯಜಮಾನರು ಮನೆಯೊಳಗಿನಿಂದ ತಮ್ಮ ತಲೆಬಟ್ಟೆ ತಂದುಕೊಟ್ಟು, ಮೊದಲು ಕಣ್ಣು ಮುಚ್ಚಬೇಕು, ಆಮೇಲೆ ರೆಕ್ಕೆ, ಕೊನೆಗೆ ಕಾಲು ಎಂದು ನನ್ನ ತೋಳನ್ನೇ ಹಕ್ಕಿ ಮಾಡಿ ತೋರಿಸಿದರು. ಸುತ್ತಿದ ಮೇಲೆ ಎದೆಯ ಮುಂದಿನ ಚೀಲಕ್ಕೆ. ಎಲ್ಲ ಹೇಳಿದೆ. ಹತ್ತು ನಿಮಿಷ ಹೇಳಿದೆ. ಬೇಸರವಾಗಿ ಅವನು ಆಕಳಿಸುವವರೆಗೆ ಹೇಳಿದೆ.

ಒಂದನ್ನು ಹೇಳಲಿಲ್ಲ.

ಮೂರು ವರ್ಷದಿಂದ ದಿನಾ ಬೆಳಗ್ಗೆ ಕೆಲಸಕ್ಕೆ ಮುಂಚೆ ನಾನು ನಮ್ಮ ಮರ ಹತ್ತುವವರನ್ನು ಸಾಲಾಗಿ ನಿಲ್ಲಿಸಿ “ಮರದಲ್ಲಿ ಎಷ್ಟು ಕೊಕ್ಕೆ?” ಎಂದು ಕೇಳುತ್ತೇನೆ. ಅವರು “ಎರಡು ಸಾರ್” ಎನ್ನಬೇಕು. ಕೊಕ್ಕೆ ಎಂದರೆ ಮೈಕವಚವನ್ನು ಮರಕ್ಕೋ ಹಗ್ಗಕ್ಕೋ ಸಿಕ್ಕಿಸುವ ಲೋಹದ ಕೊಂಡಿ. ಒಂದು ಬಿಚ್ಚುವ ಮೊದಲು ಇನ್ನೊಂದು ಹಾಕಿರಬೇಕು. ಯಾವ ಕ್ಷಣದಲ್ಲೂ ಒಂದರಲ್ಲೇ ಇರಬಾರದು. ಒಮ್ಮೆ ಇದೇ ಹತ್ತುವವ ಖರ್ಜೂರದ ಮರದಲ್ಲಿ ಒಂದೇ ಕೊಕ್ಕೆಯಲ್ಲಿ ನಿಂತು ಬೀಡಿ ಹಚ್ಚುವುದನ್ನು ಕಂಡು, ನಾನು ರಸ್ತೆಯ ಆಚೆ ಬದಿಯಿಂದ ಕಿರುಚಿದ ರೀತಿಗೆ ಒಂದು ಕಾರು ಬ್ರೇಕ್ ಹಾಕಿತ್ತು. ಅಂದಿನಿಂದ ಅವನ ಕೈ ತನ್ನಷ್ಟಕ್ಕೆ ಎರಡನೆಯ ಕೊಕ್ಕೆ ಹಾಕುತ್ತದೆ. ಅದು ನನ್ನ ವೃತ್ತಿಜೀವನದ ದೊಡ್ಡ ಸಾಧನೆ ಎಂದುಕೊಂಡಿದ್ದೆ.

ಅವನು ಹತ್ತಿದ. ಚಂದ ಹತ್ತಿದ. ಕಾಲಿನ ಹಿಡಿಯನ್ನು ಮೆಟ್ಟಿ ಏಳುವುದು, ಕೈ ಹಿಡಿಯನ್ನು ಮೇಲೆ ಸರಿಸುವುದು, ಮತ್ತೆ ಮೆಟ್ಟುವುದು. ಲಂಗದಿಂದ ತೋಳಿನಷ್ಟು ದೂರ ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತ ಹೋದ. ನಾನು ಬೇವಿನ ಬುಡದಲ್ಲಿ ಹಗ್ಗದ ಬಾಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಯಜಮಾನರು ಬಾಯೊಳಗೇ “ಶ್ವಯ್ ಶ್ವಯ್” ಎನ್ನುತ್ತಿದ್ದರು, ನಿಧಾನ, ನಿಧಾನ.

ಹಕ್ಕಿಯ ಮಟ್ಟಕ್ಕೆ ಬಂದಾಗ ತಿರುಗುವುದೇ ತೊಂದರೆಯಾಯಿತು. ಕೈ ಚಾಚಿದರೆ ಮೈ ಅತ್ತ ತಿರುಗುತ್ತದೆ, ಹಕ್ಕಿ ಇತ್ತ. ಎರಡು ಸಲ ತಪ್ಪಿತು. ಮೂರನೇ ಸಲ ಅವನು ಸೊಂಟದ ಕೆಂಪು ಪಟ್ಟಿಯ ತುದಿಯ ಕೊಕ್ಕೆಯನ್ನು ಒಣಗರಿಗಳ ದಪ್ಪ ದಂಟುಗಳ ಕಟ್ಟಿಗೆ ಸಿಕ್ಕಿಸಿ, ಮೈ ಸ್ಥಿರ ಮಾಡಿಕೊಂಡು, ತಲೆಬಟ್ಟೆಯನ್ನು ಹಕ್ಕಿಯ ಮೇಲೆ ಹಾಕಿದ. ಕಣ್ಣು, ರೆಕ್ಕೆ, ಕಾಲು. ಬಾರನ್ನು ಚಾಕುವಿನ ಬಾಯಿಗೆ ಕೊಟ್ಟು ಕತ್ತರಿಸಿ, ಹಕ್ಕಿಯನ್ನು ಎದೆಯ ಚೀಲಕ್ಕೆ ಇಳಿಸಿ, ಕೆಳಗೆ ನೋಡಿ ಕೂಗಿದ: “ಎರಡು ಕೊಕ್ಕೆ ಸಾರ್!”

ಯಜಮಾನರು ಚಪ್ಪಾಳೆ ತಟ್ಟಿದರು. ನಾನೂ ಒಂದು ಕ್ಷಣ ಹೆಮ್ಮೆಪಟ್ಟೆ. ಅದು ನಾನು ಮರೆಯಲಾರದ ಕ್ಷಣ. ಅವನು ಕೊಕ್ಕೆ ಹಾಕಿದ್ದು ಯಾವುದಕ್ಕೆ ಎಂದು ನನ್ನ ತಲೆಗೆ ಹೋಗುವ ಮೊದಲು ಹೆಮ್ಮೆ ಬಂದಿತ್ತು. ಒಣಗರಿಗೆ ಕೊಕ್ಕೆ ಹಾಕಬೇಡ. ಮೂರೇ ಪದ. ಹತ್ತು ನಿಮಿಷದ ಪಾಠದಲ್ಲಿ ಅವು ಇರಲಿಲ್ಲ.

ಮೊದಲು ಬಂದದ್ದು ಧೂಳು. ಲಂಗದ ಕೆಳಅಂಚಿನಿಂದ ಸಣ್ಣಗೆ, ಜರಡಿ ಹಿಡಿದ ಹಾಗೆ. ಎರಡು ಪಾರಿವಾಳಗಳು ಒಳಗಿನಿಂದ ಸಿಡಿದು ಹಾರಿದವು. ಆಮೇಲೆ ಗರಗರ ಎಂಬ ಸದ್ದು, ಹದಿನೈದು ಅಡಿಯ ಇಡೀ ಲಂಗ ಒಂದು ಗೇಣು ಕೆಳಗೆ ಜಾರಿ ನಿಂತಿತು. ಕೆಂಪು ಪಟ್ಟಿ ಬಿಗಿದು ಅವನನ್ನು ಸೊಂಟದಿಂದ ಮರದತ್ತ ಎಳೆಯಿತು. ಮೇಲೆ ಬಿಳಿ ಹಗ್ಗ, ಓರೆಗೆ ಕೆಂಪು ಪಟ್ಟಿ, ಎರಡರ ನಡುವೆ ಅವನು ಒದ್ದೆ ಬಟ್ಟೆ ಹಿಂಡಿದ ಹಾಗೆ ಓರೆಯಾದ. ಇನ್ನೊಮ್ಮೆ ಜಾರಿದರೆ ಅಷ್ಟೂ ಭಾರ ಆ ಪಟ್ಟಿಯ ಮೇಲೆ. ಅವನನ್ನು ಗರಿಗಳ ಒಳಕ್ಕೆ ಎಳೆದುಕೊಂಡೇ ಇಳಿಯುತ್ತದೆ.

ನನ್ನ ತಲೆ ಆ ಹೊತ್ತಿಗೆ ಮಾಡಿದ ಲೆಕ್ಕ ಈಗಲೂ ನೆನಪಿದೆ. ಕೊಕ್ಕೆಯನ್ನು ಬಿಚ್ಚು ಎಂದರೆ, ಭಾರ ಬಿದ್ದ ಕೊಕ್ಕೆಯ ಬಾಯಿ ತೆರೆಯುವುದಿಲ್ಲ. ನಾನು ಅವನನ್ನು ಒಂದು ಗೇಣು ಇಳಿಸಿದರೆ ಪಟ್ಟಿ ಸಡಿಲವಾಗುತ್ತದೆ, ಆದರೆ ಬಿಚ್ಚಲು ಅವನು ಗರಿಗಳೊಳಗೆ ಕೈ ಹಾಕಿ ಅಲುಗಿಸಬೇಕು. ಅಲುಗಿಸಬಾರದ್ದು ಅದೊಂದನ್ನೇ. ಉಳಿದದ್ದು ಪಟ್ಟಿ ಕತ್ತರಿಸುವುದು. ನಾನು ಕೊಡಿಸಿದ, ನಾನು ಪ್ರತಿ ತಿಂಗಳು ಹೊಲಿಗೆ ಪರೀಕ್ಷಿಸಿ ಸಹಿ ಹಾಕುವ ಪಟ್ಟಿ. ಮೂವತ್ತು ಅಡಿ ಎತ್ತರದಲ್ಲಿ, ಬಿಗಿದ ಹಗ್ಗದಿಂದ ಒಂದು ಮೊಳ ದೂರದಲ್ಲಿ, ಬಾಗಿದ ಚಾಕು ಹಿಡಿದು.

“ಚಾಕು ಕೈಯಲ್ಲಿ ಉಂಟಾ?” ಎಂದೆ.

“ಉಂಟು ಸಾರ್.”

“ಕೆಂಪು ಪಟ್ಟಿ ಕತ್ತರಿಸು.”

“ಎಂಥ?”

“ಕೆಂಪು. ಬಿಳಿ ಮುಟ್ಟಬೇಡ. ಕೆಂಪು ಮಾತ್ರ.”

“ಸಾರ್, ಒಂದೇ ಉಳೀತದೆ ಮತ್ತೆ!”

“ಹೌದು. ಆ ಒಂದು ನನ್ನ ಕೈಯಲ್ಲಿ ಉಂಟು. ಕತ್ತರಿಸು.”

ಅವನು ನನ್ನನ್ನು ನೋಡಿದ. ಆಮೇಲೆ ಪಟ್ಟಿಯನ್ನು ಚಾಕುವಿನ ಬಾಯಿಗೆ ಸಿಕ್ಕಿಸಿ ಎಳೆದ. ಬಿಗಿದಿದ್ದ ಪಟ್ಟಿ ಪಟ್ಟೆಂದು ಹರಿಯಿತು. ಅವನು ಉಯ್ಯಾಲೆಯ ಹಾಗೆ ಹೊರಕ್ಕೆ ತೂಗಿದ, ಒಂದು ಕೈ ಎದೆಯ ಚೀಲದ ಮೇಲೆ. ತೂಗಿ ಮರಳಿ ಬರುವಾಗ ಲಂಗಕ್ಕೆ ಬಡಿಯಬಾರದೆಂದು ಕಾಲು ಮಡಚಿಕೊಂಡ. ಅದನ್ನು ನಾನು ಕಲಿಸಿರಲಿಲ್ಲ. ನಾನು ಹಗ್ಗ ಬಿಡುತ್ತ ಬಂದೆ. ಅಂಗೈ ಬಿಸಿಯಾದರೂ ನಿಧಾನವಾಗಿಯೇ ಬಿಟ್ಟೆ, ಎಲ್ಲೂ ನಿಲ್ಲಿಸಲಿಲ್ಲ. ಅವನ ಬೂಟು ಹುಲ್ಲಿಗೆ ತಾಗಿತು. ಅವನನ್ನು ಮರದಿಂದ ಇಪ್ಪತ್ತು ಹೆಜ್ಜೆ ದೂರಕ್ಕೆ ನಡೆಸಿ, ಹಗ್ಗ ಬಿಚ್ಚಿ, ನಾನು ಬೇವಿನ ಬೇರಿನ ಮೇಲೆ ಕೂತೆ.

ಯಜಮಾನರು ಮೊದಲು ಹಕ್ಕಿಯನ್ನು ಕೇಳಲಿಲ್ಲ. ಹತ್ತುವವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುತ್ತಿಟ್ಟು, ಅವನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ಎದೆಯ ಚೀಲದಲ್ಲಿದ್ದ ಹಕ್ಕಿ ಇಬ್ಬರ ನಡುವೆ ಸಿಕ್ಕಿ ಚೀರಿದಾಗಲೇ ಅವರಿಗೆ ಅದರ ನೆನಪಾದದ್ದು. ನೆಲದಲ್ಲಿ ಕೂತು ಬಟ್ಟೆ ಬಿಚ್ಚಿದರು. ಒಂದು ಕಾಲು ಊದಿತ್ತು, ಮುರಿದಿರಲಿಲ್ಲ. ತಲೆಗೆ ಕಣ್ಣು ಮುಚ್ಚುವ ಪುಟ್ಟ ಚರ್ಮದ ಟೋಪಿ ತೊಡಿಸಿದ ಕೂಡಲೆ ಶಾಂತವಾಯಿತು.

“ಈ ಚಳಿಗಾಲ ಇದಕ್ಕೆ ಬೇಟೆ ಇಲ್ಲ,” ಎಂದರು. “ನನಗೂ ಇಲ್ಲ. ಇಬ್ಬರೂ ಮನೆಯಲ್ಲಿ ಕೂರ್ತೇವೆ.” ಅದನ್ನು ಹೇಳುವಾಗ ನಗುತ್ತಿದ್ದರು. ಕಹಿ ಕಾಫಿ ಬಂತು, ಖರ್ಜೂರ ಬಂತು. ಹತ್ತುವವ ಹನ್ನೊಂದು ಖರ್ಜೂರ ತಿಂದ. ನಾನು ಎಣಿಸುತ್ತಿದ್ದೆ. ಎಣಿಸಲು ಬೇರೆ ಏನೂ ಇರಲಿಲ್ಲ, ಅದಕ್ಕೆ ನನಗೆ ಸಂತೋಷವಾಗಿತ್ತು.

ಲಂಗ ಆ ದಿನ ಬೀಳಲಿಲ್ಲ. ಕಾಫಿ ಕುಡಿದು ಮುಗಿಯುವವರೆಗೆ ನಾನು ಅದನ್ನೇ ನೋಡುತ್ತಿದ್ದೆ, ಒಂದು ಗರಿಯೂ ಅಲುಗಲಿಲ್ಲ. ಎರಡು ವಾರ ಬಿಟ್ಟು, ಜೊತೆಗಾರ ಊರಿನಿಂದ ಮರಳಿದ ಮೇಲೆ, ಇಬ್ಬರನ್ನೂ ಬೇರೆ ಬೇರೆ ಹಗ್ಗದಲ್ಲಿ ಏರಿಸಿ ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಕತ್ತರಿಸಿ ತೆಗೆಸಿದೆ. ಇಡೀ ದಿನ ಹಿಡಿಯಿತು, ಆಗಲೂ ಅದು ಜಾರಲಿಲ್ಲ. ಹಾಗಾಗಿ ನಾನು ಹೇಳಿದ್ದು ಸರಿಯೋ, ಒಂದು ಒಳ್ಳೆಯ ಪಟ್ಟಿಯನ್ನು ಸುಮ್ಮನೆ ಹಾಳುಮಾಡಿಸಿದೆನೋ ಎಂದು ಯಾರೂ ಹೇಳಲಾರರು. ನನ್ನ ಕೆಲಸವೇ ಹಾಗೆ, ಚೆನ್ನಾಗಿ ಮಾಡಿದರೆ ತೋರಿಸಲು ಏನೂ ಉಳಿಯುವುದಿಲ್ಲ. ರಿಪೋರ್ಟಿನಲ್ಲಿ “ಕಾರಣ” ಎಂಬ ಕಾಲಮಿಗೆ ಬರೆದೆ: ಸೂಚನೆ ಅಪೂರ್ಣವಾಗಿತ್ತು, ಸೂಚನೆ ಕೊಟ್ಟವನು ನಾನು. ಬೆಳಗಿನ ಪ್ರಶ್ನೆಯನ್ನೂ ಬದಲಿಸಿದೆ. ಈಗ “ಎಷ್ಟು ಕೊಕ್ಕೆ?” ಎಂದ ಮೇಲೆ “ಯಾವುದಕ್ಕೆ?” ಎಂದೂ ಕೇಳುತ್ತೇನೆ. ಅದಕ್ಕೆ ಒಕ್ಕೊರಲ ಉತ್ತರ ಬರುವುದಿಲ್ಲ, ಒಬ್ಬೊಬ್ಬರೂ ಮರ ನೋಡಿ ಹೇಳಬೇಕಾಗುತ್ತದೆ. ಬೆಳಗಿನ ಕೆಲಸ ಹತ್ತು ನಿಮಿಷ ತಡವಾಗಿ ಶುರುವಾಗುತ್ತದೆ ಎಂದು ಮ್ಯಾನೇಜರ್ ಗೊಣಗಿದ್ದಾರೆ.

ಆ ಶುಕ್ರವಾರ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೂರಾದ ಕಡೆ ಹೊರಟೆ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿಯೇಬಿಟ್ಟೆ: “ಮೂರು ವರ್ಷ ಎರಡು ಹಾಕು ಎಂದವ, ಇವತ್ತು ಕತ್ತರಿಸು ಎಂದರೆ ಹೇಗೆ ನಂಬಿದೆ?”

“ನಂಬಿದ್ದು ಯಾರು?” ಎಂದ ಅವನು. “ನಂಗೆ ಆ ಪಟ್ಟಿಯನ್ನೇ ಗಟ್ಟಿ ಹಿಡಿದುಕೊಳ್ಳುವ ಅಂತ ಕಂಡದ್ದು.”

“ಮತ್ತೆ?”

“ನೀವು ದಿನಾ ಕಿರುಚುದು ಸಾರ್. ಏಣಿಗೆ ಕಿರುಚುದು, ಕುರ್ಚಿಗೆ ಕಿರುಚುದು. ನಮಗೆ ಅಭ್ಯಾಸ ಆಗಿದೆ, ಬಸ್ಸಿನ ಹಾರ್ನ್ ಹಾಗೆ. ಅಲ್ಲಿ ನೀವು ಕಿರುಚಲೇ ಇಲ್ಲ. ಚಾ ಕುಡಿದ್ಯಾ ಅಂತ ಕೇಳುವ ಹಾಗೆ ಕೇಳಿದ್ದು, ಚಾಕು ಉಂಟಾ ಅಂತ. ಆಗ ನಂಗೆ ಹೆದರಿಕೆ ಆದದ್ದು ನೋಡಿ. ಇದು ಎಂಥದೋ ನಿಜ ಉಂಟು ಅಂತ ಕತ್ತರಿಸಿದೆ.”

ಹಿಂದಿನ ಕಾರಿನವ ಹಾರ್ನ್ ಹೊಡೆದ ಮೇಲೆ ಸಿಗ್ನಲ್ ಹಸಿರಾದದ್ದು ಕಂಡಿತು. ಐವತ್ತೊಂದು ವರ್ಷದಲ್ಲಿ ನಾನು ಆತಂಕಪಡದೆ ಆಡಿದ ಒಂದೇ ಮಾತು ಅದು. ಆ ಧ್ವನಿ ಎಲ್ಲಿಂದ ಬಂತೆಂದು ನನಗೆ ಇನ್ನೂ ಗೊತ್ತಿಲ್ಲ. ಎಲ್ಲಿಂದ ಬಂದಿದ್ದರೂ ಸರಿ, ಬಂದದ್ದಕ್ಕೆ ಕೈ ಮುಗಿಯುತ್ತೇನೆ. ಅದನ್ನು ಕೇಳಿಸಿಕೊಂಡವನಿಗಂತೂ ಇನ್ನೂ ಹೆಚ್ಚು.

“ಥ್ಯಾಂಕ್ಸ್ ಮಾರಾಯ,” ಎಂದೆ.

“ಎಂತಕ್ಕೆ? ಹಕ್ಕಿಗಾ?”

“ಹಕ್ಕಿಗೆ,” ಎಂದೆ.

ಹೂರಾ ಹತ್ತಿರವಾಗುವಾಗ ಅವನ ಫೋನಿಗೆ ಊರಿನಿಂದ ವಿಡಿಯೊ ಕರೆ ಬಂತು. ಪ್ರತಿ ಶುಕ್ರವಾರ ಆ ಹೊತ್ತಿಗೆ ಅವನ ತಾಯಿ ಮಾಡುವ ಕರೆ. ಅವನು ಅಂಗಿಯ ಮೇಲಿನ ಧೂಳು ಒರೆಸಿ, ತಲೆಕೂದಲು ಸರಿಮಾಡಿಕೊಂಡು ಫೋನ್ ಎತ್ತಿದ. ತುಳುವಿನಲ್ಲಿ ಮಾತು. ಊಟ ಆಯಿತಾ ಎಂದು ಆಕೆ ಕೇಳಿದರು. ಆಗಬೇಕಷ್ಟೆ ಎಂದ. ಇವತ್ತು ರಜೆಯಲ್ಲವಾ, ಏನು ಮಾಡಿದೆ ಎಂದು ಕೇಳಿದರು.

“ದಾಲಾ ಇಜ್ಜಿ ಅಮ್ಮ,” ಎಂದ. ಏನೂ ಇಲ್ಲ ಅಮ್ಮ.

ಅವನ ರೂಮಿನ ಓಣಿ ಬಂದಿತ್ತು. ಅವರ ಮಾತು ಇನ್ನೂ ಮುಗಿದಿರಲಿಲ್ಲ. ನಾನು ನಿಲ್ಲಿಸದೆ ಹೂರಾವನ್ನು ಇನ್ನೊಂದು ಸುತ್ತು ಹಾಕಿದೆ.